ಮರಿದೇವನ ಪಾತಿಯ ಹೂವು

ಹೊಳೆಯ ದಂಡೆಗೆ ಒಂದು ಆಶ್ರಮ. ಆಶ್ರಮ ಎಂದರೆ ಮಹಡಿ, ಮಂಟಪ ಏನೂ ಇಲ್ಲ. ಹೆಂಚು ಹೊದಿಸಿದ ಒಂದು ಪಡಸಾಲೆ, ಹಿಂದೆ ಅಡುಗೆಮನೆ, ಮುಂದೆ ಹೊಳೆ. ಅಷ್ಟೇ.

ಅಲ್ಲಿ ಮುದ್ದಯ್ಯನವರು ಎಂಬ ಹಿರಿಯರಿದ್ದರು. ಸುತ್ತಿನ ಊರಿನವರೆಲ್ಲ ಅವರನ್ನು ಭಕ್ತಿಯಿಂದ 'ಬುದ್ಧಿ' ಎಂದೇ ಕರೆಯುತ್ತಿದ್ದರು. ಅಯ್ಯನವರು ಹೆಚ್ಚು ಮಾತಿನವರಲ್ಲ. ಆದರೆ ಆಡಿದ ಒಂದು ಮಾತು, ಕೇಳಿದವನ ಜೊತೆ ಅವನ ಮನೆತನಕ ನಡೆದು ಬರುತ್ತಿತ್ತು.

ಪಡಸಾಲೆಯಲ್ಲಿ ವಿಗ್ರಹವಿರಲಿಲ್ಲ. ಒಂದು ಕಲ್ಲಿನ ಜಗಲಿ, ಜಗಲಿಯ ಮೇಲೆ ಒಂದು ದೀಪ, ದೀಪದ ಮುಂದೆ ಒಂದು ತಾಮ್ರದ ಕೊಡ. ಬಂದವರು ಅದಕ್ಕೇ ಕೈ ಮುಗಿಯುತ್ತಿದ್ದರು.

ಮಳೆ ಹಿಂದಾಗಿ, ಆಕಾಶ ತೊಳೆದಿಟ್ಟ ಹಾಗೆ ತಿಳಿಯಾಗುವ ಹೊತ್ತಿಗೆ ನವರಾತ್ರಿ ಬರುತ್ತದಲ್ಲ, ಅದರ ಮೊದಲ ದಿನ ಬೆಳಗ್ಗೆ ಆ ಕೊಡಕ್ಕೆ ಹೂವಿಡುವ ಪದ್ಧತಿ. ಮಾಲೆ ಕಟ್ಟುವಂತಿಲ್ಲ. ದಂಟುಸಮೇತ ಕೊಯ್ದ ಹೂವನ್ನು ನೀರು ತುಂಬಿದ ಕೊಡದಲ್ಲಿ ನಿಲ್ಲಿಸಿ ಜೋಡಿಸಬೇಕು. ಆ ವರ್ಷ ಪಾಳಿ ಬಂದವನು ಅದನ್ನು ಮಾಡಬೇಕು.

ಹೂವಿಗೆ ಪೇಟೆಗೆ ಹೋಗಬೇಕಾಗಿರಲಿಲ್ಲ. ಹೊಳೆಯ ಮೆಕ್ಕಲುಮಣ್ಣಿನ ಒಂದು ತುಂಡು ನೆಲ ಆಶ್ರಮಕ್ಕೆ ಸೇರಿತ್ತು. ಅದನ್ನು ಪಾತಿ ಪಾತಿಯಾಗಿ ಹಂಚಿ, ಶಿಷ್ಯರಿಗೂ ಆಶ್ರಮಕ್ಕೆ ನಡೆದುಕೊಳ್ಳುವ ಮನೆಯವರಿಗೂ ಆಳಿಗೊಂದು ಕೊಟ್ಟಿದ್ದರು. ಸಂಜೆಯಾಯಿತೆಂದರೆ ಆ ಪಾತಿಗಳ ನಡುವೆ ಮಾತು, ನಗು, ತಂಬಿಗೆಯ ಸದ್ದು.

ಕೊಡ ಜೋಡಿಸಿ ಆದ ಮೇಲೆ ಅಯ್ಯನವರು ಬಂದು ನೋಡುವರು. ಒಪ್ಪಿದರೆ "ಇರಲಿ" ಎನ್ನುವರು. ಆಮೇಲೆ ಹಬ್ಬ ಮುಗಿಯುವತನಕ ಕೊಡದ ಸೇವೆ ಪಾಳಿಯವನದು. "ಇರಲಿ" ಅನ್ನದಿದ್ದರೆ ಆ ಹಬ್ಬಕ್ಕೆ ಕೊಡ ಬರಿದು. ಪಾಳಿಯವನಿಗೆ ಮರುವರ್ಷ ಇನ್ನೊಂದು ಸಲ ಅವಕಾಶ. ಆಗಲೂ ಆಗದಿದ್ದರೆ ಪಾಳಿ ಬೇರೆಯವರಿಗೆ ಹೋಯಿತು, ಮತ್ತೆ ತಿರುಗಿ ಬರುವುದಿಲ್ಲ.

ಮರಿದೇವನಿಗೆ ಇದು ಎರಡನೆಯ ಸಲ.

ಮರಿದೇವ ಆಶ್ರಮದಲ್ಲೇ ಇದ್ದು ನೀರು ಸೌದೆ ನೋಡಿಕೊಳ್ಳುವ ಶಿಷ್ಯ. ಮೂವತ್ತರ ಆಸುಪಾಸಿನ ಗಟ್ಟಿ ಆಳು. ಕೆಲಸಕ್ಕೆ ಎಂದೂ ಹಿಂದೆಗೆದವನಲ್ಲ. ಒಂದೇ ಒಂದು ಕೊರತೆ: ಯಾವ ಮಾತು ಕಿವಿಗೆ ಬಿದ್ದರೂ ಅದನ್ನು ಉಡದ ಹಾಗೆ ಹಿಡಿದುಬಿಡುತ್ತಿದ್ದ. ಹಿಡಿದದ್ದು ತಲೆಯೋ ಬಾಲವೋ ನೋಡುತ್ತಿರಲಿಲ್ಲ.

ಹಿಂದಿನ ವರ್ಷ ಅವನ ಪಾತಿಯಲ್ಲಿ ಹೂ ಇತ್ತು, ಆದರೆ ಸಣ್ಣ ಹೂ. ಇಷ್ಟು ಜನ ಬರುತ್ತಾರೆ, ಕೊಡ ಭರ್ತಿಯಾಗಿ ಕಾಣಬೇಕು ಎಂದು ಅವನು ಪೇಟೆಯ ಸಂತೆಗೆ ಹೋಗಿ ಮುಷ್ಟಿ ಗಾತ್ರದ ಗುಲಾಬಿ ತಂದು ಜೋಡಿಸಿದ್ದ. ನೋಡಿದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು.

ಅಯ್ಯನವರೂ ನೋಡಿದರು. ಕೊಡದ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು.

"ಚೆನ್ನಾಗಿದೆ. ಇದರಲ್ಲಿ ನಿನ್ನದು ಯಾವುದು ಮರಿದೇವ?"

ಮರಿದೇವ ಕೊಡವನ್ನು ಮೇಲಿಂದ ಕೆಳಗೆ ನೋಡಿದ. ಎಲ್ಲ ಸಂತೆಯದು.

ಅಯ್ಯನವರು ಹೊಳೆಯ ಕಡೆ ನಡೆದುಹೋದರು. "ಇರಲಿ" ಅನ್ನಲಿಲ್ಲ.

ಆ ಹಬ್ಬದಲ್ಲಿ ಕೊಡ ಬರಿದಾಗಿಯೇ ನಿಂತಿತು. ಬಂದ ಹೆಂಗಸರು ಬರಿ ಕೊಡಕ್ಕೆ ಕೈ ಮುಗಿದು, ಮರಿದೇವನ ಕಡೆ ಒಂದು ಸಲ ನೋಡಿ ಹೋಗುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಅವನು ಯೋಚಿಸಿದ. ಯೋಚಿಸಿ ಯೋಚಿಸಿ ಅಯ್ಯನವರ ಮಾತಿಗೆ ಅರ್ಥ ಕಂಡುಕೊಂಡ. ಕೊಡದಲ್ಲಿ ಇರುವುದೆಲ್ಲ ನನ್ನದೇ ಆಗಿರಬೇಕು. ನನ್ನ ಪಾತಿ, ನನ್ನ ಕೈ, ನನ್ನ ಬೆವರು. ಒಂದು ಎಸಳೂ ಬೇರೆಯವರದಾಗಬಾರದು.

ಹಬ್ಬ ಮುಗಿದ ಮರುದಿನವೇ ಹಾರೆ ಹಿಡಿದ. ಪಾತಿಯನ್ನೆಲ್ಲ ಅಗೆದು, ಹೂ ಕೊಡದೆ ಸುಮ್ಮನೆ ಕೂತಿದ್ದ ಗಡ್ಡೆ, ಬೇರು ಕಿತ್ತು ಹಾಕಿದ. ಸುತ್ತ ಜಾಲಿಮುಳ್ಳಿನ ಬೇಲಿ ಬಿಗಿದ. ಆ ನೆಲದಲ್ಲಿ ಅದಕ್ಕೆ ಮೊದಲು ಯಾರ ಪಾತಿಗೂ ಬೇಲಿ ಇರಲಿಲ್ಲ. ಹೊಳೆಗೆ ಹೋಗುವವರು ಪಾತಿಯ ಬದುವಿನ ಮೇಲೆ ನಡೆದುಹೋಗುತ್ತಿದ್ದರು. ಈಗ ಮರಿದೇವನ ಬೇಲಿ ಸುತ್ತಿಕೊಂಡು ಹೋಗಬೇಕಾಯಿತು.

"ಏನ್ ಮರಿದೇವ, ಒಳಗೆ ಹುಲಿ ಸಾಕಿದ್ದೀಯ?" ಎಂದು ಕೇಳಿದ ಹರಿಗೋಲಿನ ಕಾಳಯ್ಯ. ಹೊಳೆ ದಾಟಿಸುವ ಅಂಬಿಗ ಅವನು. ಆ ಕಡೆ ದಡದ ಸುದ್ದಿಯನ್ನು ಈ ಕಡೆಗೂ ಈ ಕಡೆಯದನ್ನು ಆ ಕಡೆಗೂ ದಾಟಿಸುತ್ತಿದ್ದವನೂ ಅವನೇ.

"ಹೂವು ಕಾಳಯ್ಯ, ಹೂವು."

"ಹೂವು ಕಚ್ಚುತ್ತಾ?"

ಆ ವರ್ಷವೆಲ್ಲ ಮರಿದೇವ ಬೇಲಿಯೊಳಗೇ ಇದ್ದ. ಸಂಜೆ ಹೊಳೆಯಿಂದ ನೀರು ಹೊತ್ತು ತಂದು, ಹುಳ ಆರಿಸಿ, ಒಂದೊಂದು ಮೊಗ್ಗಿಗೂ ಕಡ್ಡಿ ಊರಿ ನಿಲ್ಲಿಸಿದ. ಹೂವೂ ಅವನ ದುಡಿಮೆಗೆ ಮೋಸ ಮಾಡಲಿಲ್ಲ. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಪಾತಿ ತುಂಬ ಬಣ್ಣವೋ ಬಣ್ಣ.

ಹಬ್ಬದ ಬೆಳಗ್ಗೆ ಹೊಳೆಯ ಮೇಲೆ ಮಂಜು ತೆಳ್ಳಗೆ ಹಾಸಿಕೊಂಡಿತ್ತು. ಮರಿದೇವ ಮಿಂದು, ಒದ್ದೆ ಪಂಚೆಯಲ್ಲೇ ಪಾತಿಗೆ ಬಂದ. ಬಿಸಿಲು ಏರಿದ ಮೇಲೆ ಕೊಯ್ದ ಹೂ ಬೇಗ ಸೊರಗುತ್ತದೆ. ಇಬ್ಬನಿ ಇರುವಾಗಲೇ ಕೊಯ್ಯಬೇಕು. ದಂಟನ್ನು ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತರಿದು, ಕೂಡಲೇ ನೀರಿಗೆ ಹಾಕಬೇಕು. ಎಲೆ ನೀರಿನಲ್ಲಿ ಮುಳುಗಿದ್ದರೆ ಎರಡೇ ದಿನಕ್ಕೆ ಕೊಡ ನಾರುತ್ತದೆ.

ಇದೆಲ್ಲ ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಣ್ಣ ಕುಡುಗೋಲಿನಿಂದ ಒಂದೊಂದೇ ಕೊಯ್ಯುತ್ತ, ಕೆಳಗಿನ ದನಿಯಲ್ಲಿ ಶಿವನಾಮ ಹೇಳಿಕೊಳ್ಳುತ್ತಿದ್ದ. ಅವನಿಗೆ ಹಾಡಬೇಕು ಅನ್ನಿಸುವಷ್ಟು ಸಂತೋಷ.

"ಮಗಾ, ಮರಿದೇವಾ."

ಬೇಲಿಯ ಆಚೆ ಸಣ್ಣತಾಯವ್ವ ನಿಂತಿದ್ದಳು. ಪಕ್ಕದ ಪಾತಿಯ ಮುದುಕಿ. ಅವಳ ಪಾತಿ ತಗ್ಗಿನಲ್ಲಿತ್ತು. ಮಳೆಗಾಲದಲ್ಲಿ ನೀರು ನಿಂತು, ಅವಳು ಏನು ನೆಟ್ಟರೂ ಕೊಳೆತುಹೋಗುತ್ತಿತ್ತು. ಹಾಗಂತ ನೆಡುವುದನ್ನು ಬಿಟ್ಟವಳಲ್ಲ. ಪ್ರತಿ ಸಲ ಕೊಳೆತದ್ದನ್ನು ಕಿತ್ತೆಸೆದು, ಹೊಳೆಯನ್ನು ಒಂದಷ್ಟು ಬೈದು, ಮತ್ತೆ ನೆಡುವಳು.

ಇಂದು ಅವಳ ಕೈಯಲ್ಲಿ ಒಂದು ಬಾಳೆಲೆಯ ತುಂಡು. ಅದರೊಳಗೆ ಸುಗಂಧರಾಜದ ಒಂದೇ ಒಂದು ದಂಟು. ಕೆಳಗಿನ ಮೊಗ್ಗು ಮೂರು ನಾಲ್ಕು ಬಿರಿದಿದ್ದವು. ಪರಿಮಳ ಬೇಲಿ ದಾಟಿ ಮೊದಲೇ ಬಂದಿತ್ತು.

"ನೋಡು ಮಗಾ! ಬಿಟ್ಟಿದೆ! ನನ್ನ ಪಾತೀಲಿ!" ಅವಳ ಮುಖವೆಲ್ಲ ಹಲ್ಲಾಗಿತ್ತು, ಇದ್ದ ಹಲ್ಲು ಕೆಲವೇ ಆದರೂ. "ಮಣ್ಣು ಏರಿಸಿ ಬೆಟ್ಟು ಮಾಡಿ ನೆಟ್ಟಿದ್ದೆ. ಅದಕ್ಕೇ ಉಳೀತು. ತಗೋ, ಕೊಡದಲ್ಲಿ ಒಂದು ಮೂಲೇಲಿ ಇಡು. ನಾನು ಕಣ್ಣು ಮುಚ್ಚೋದರೊಳಗೆ ಒಂದು ಸಲ ನನ್ನ ಹೂ ಅಲ್ಲಿ ನಿಂತದ್ದು ನೋಡಬೇಕು."

ಮರಿದೇವನಿಗೆ ಸಂಕಟವಾಯಿತು. ಕೈ ಚಾಚಲೂ ಆಗಲಿಲ್ಲ, ಹಿಂದಕ್ಕೆ ಇಟ್ಟುಕೊಳ್ಳಲೂ ಆಗಲಿಲ್ಲ.

"ಅವ್ವಾ, ತಪ್ಪು ತಿಳೀಬೇಡಿ. ಈ ಸಲ ನನ್ನ ಪಾತಿಯದು ಬಿಟ್ಟು ಬೇರೆ ಇಡೋ ಹಾಗಿಲ್ಲ."

"ಯಾರು ಹೇಳಿದ್ದು?"

"ಅಯ್ಯನವರ ಮಾತು."

"ಅಯ್ಯನವರು ಹಾಗೆ ಹೇಳಿದರಾ?"

"ಇದರಲ್ಲಿ ನಿನ್ನದು ಯಾವುದು ಅಂತ ಹೋದ ವರ್ಷ ಕೇಳಲಿಲ್ಲವಾ?"

"ಕೇಳಿದರು. ಹೇಳಿದರಾ ಅಂತ ಕೇಳಿದೆ ನಾನು."

ಮರಿದೇವ ತಲೆ ತಗ್ಗಿಸಿದ. "ಈ ಸಲ ತಪ್ಪಿದರೆ ನನಗೆ ಇನ್ನು ಪಾಳಿ ಇಲ್ಲ ಅವ್ವಾ."

ಸಣ್ಣತಾಯವ್ವ ಬಾಳೆಲೆಯನ್ನು ಮತ್ತೆ ಮಡಿಸಿದಳು.

"ಆಗಲಿ ಬಿಡಪ್ಪಾ. ನಿನ್ನ ಬೇಲಿಗೆ ಮುಳ್ಳು ಸಾಲದು, ಇನ್ನೊಂದಷ್ಟು ಹಾಕು" ಎಂದು ಹೊರಟುಹೋದಳು. ಅವಳ ನಡಿಗೆ ಬಂದಾಗಿನಷ್ಟು ಚುರುಕಾಗಿರಲಿಲ್ಲ.

ಮರಿದೇವ ಮತ್ತೆ ಕುಡುಗೋಲು ಹಿಡಿದ. ಶಿವನಾಮ ಎಲ್ಲಿಗೆ ನಿಂತಿತ್ತೋ ನೆನಪಾಗಲಿಲ್ಲ. ಮೊದಲಿನಿಂದ ಹೇಳಿಕೊಂಡ.

ಪಡಸಾಲೆಯಲ್ಲಿ ಕೊಡವನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಹೊಳೆಯ ನೀರು ತುಂಬಿ, ಜೋಡಿಸಲು ಕೂತ. ನಡುವೆ ಎತ್ತರಕ್ಕೆ ಕೆಂಪು ಕೋಳಿಜುಟ್ಟು. ಅದರ ಸುತ್ತ ಹಳದಿ ಸೇವಂತಿಗೆ. ಸೇವಂತಿಗೆಯ ಸಂದಿಯಲ್ಲಿ ಒಂದೊಂದು ತಿಳಿ ಗುಲಾಬಿ. ಕೆಳಗೆ ಕೊಡದ ಕಂಠ ಮುಚ್ಚುವ ಹಾಗೆ ದುಂಡನೆಯ ಚೆಂಡುಹೂವು. ಅಂಚಿಗೆ ಮರುಗದ ಹಸಿರು.

ಎದ್ದು ನಿಂತು ನೋಡಿದ. ಒಂದು ಸೇವಂತಿಗೆಯನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿದ. ಮತ್ತೆ ನೋಡಿದ. ಮತ್ತೆ ಬಲಕ್ಕೆ ಸರಿಸಿದ.

ಸೂರ್ಯ ಹೊಳೆಯ ಮೇಲಿನಿಂದ ಒಳಗೆ ಬಂದು ಕೊಡದ ಹೊಟ್ಟೆಗೆ ತಾಗಿದ. ಜನ ಸೇರಿದರು. ಗುಸುಗುಸು ಶುರುವಾಯಿತು. ಈ ಸಲ ಯಾರೂ ಮರಿದೇವನ ಕಡೆ ಆ ಥರ ನೋಡಲಿಲ್ಲ. ಕೊಡದ ಮೇಲಿಂದ ಕಣ್ಣು ಕಿತ್ತರೆ ತಾನೇ ನೋಡುವುದು!

"ದೃಷ್ಟಿಯಾಗುತ್ತೆ" ಎಂದಳು ಗಿರಿಜವ್ವ. ಹಸು ಕಟ್ಟಿಕೊಂಡು ಆಶ್ರಮಕ್ಕೆ ಹಾಲು ಕೊಡುವ ಹೆಂಗಸು.

ಸಣ್ಣತಾಯವ್ವ ಕಂಬಕ್ಕೆ ಒರಗಿ ಕೂತಿದ್ದಳು. ಮಡಿಲಲ್ಲಿ ಬಾಳೆಲೆ.

ಅಯ್ಯನವರು ಬಂದರು. ಕೊಡದ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು.

"ಚೆನ್ನಾಗಿದೆ. ಇದರಲ್ಲಿ ನಿನ್ನದು ಯಾವುದು ಮರಿದೇವ?"

ಈ ಮಾತಿಗಾಗಿ ಅವನು ಒಂದು ವರ್ಷ ಕಾದಿದ್ದ. ಎದೆ ಸೆಟೆದು ನಿಂತ.

"ಎಲ್ಲಾ ನನ್ನದೇ ಬುದ್ಧಿ! ಒಂದು ಎಸಳೂ ಬೇರೆಯವರದಲ್ಲ."

"ಹೌದೇ?"

"ಹೌದು ಬುದ್ಧಿ."

"ಬಹಳ ಸಂತೋಷ. ಯಾವುದಾದರೂ ನಿನ್ನದಲ್ಲದ್ದು ತಪ್ಪಿ ಒಳಗೆ ಬಂದಿದ್ದರೆ ತೆಗೆದಿಡು. ಉಳಿದದ್ದಕ್ಕೆ 'ಇರಲಿ' ಅನ್ನುತ್ತೇನೆ." ಹಾಗೆಂದು ಅಯ್ಯನವರು ಜಗಲಿಯ ಪಕ್ಕ ಚಾಪೆಯ ಮೇಲೆ ಕೂತರು.

"ಒಂದೂ ಇಲ್ಲ ಬುದ್ಧಿ" ಎಂದ ಮರಿದೇವ. ಬಾಯಿ ಕಿವಿಯತನಕ ಅರಳಿತ್ತು.

ಆಗ ಗಿರಿಜವ್ವ, ಪಾಪ, ಕೇಡು ಎಣಿಸಿ ಅಲ್ಲ, ಮೆಚ್ಚಿ ಅಂದಳು: "ಅಲ್ಲ ಬುದ್ಧಿ, ನಮ್ಮ ಮಗಳ ಮದುವೆ ತೋರಣದ ಚೆಂಡುಹೂ ಬೀಜ ಎಷ್ಟು ಚೆನ್ನಾಗಿ ಬಂದಿದೆ ನೋಡಿ! ಒಣಗಿದ ತೋರಣ ಇಳಿಸಿ ತಿಪ್ಪೆಗೆ ಹಾಕೋಕೆ ಹೋಗಿದ್ದೆ, ಮರಿದೇವ ಕೇಳಿ ಇಸ್ಕೊಂಡಿದ್ದ."

ಜನರ ಕಣ್ಣೆಲ್ಲ ಚೆಂಡುಹೂವಿನ ಕಡೆ ತಿರುಗಿತು.

ಮರಿದೇವ ಅಯ್ಯನವರ ಮುಖ ನೋಡಿದ. ಅಯ್ಯನವರು ಹೊಳೆ ನೋಡುತ್ತಿದ್ದರು.

ಅವನು ಬಗ್ಗಿ ಚೆಂಡುಹೂಗಳನ್ನೆಲ್ಲ ತೆಗೆದು ನೆಲಕ್ಕೆ ಹಾಸಿದ ಮುತ್ತುಗದೆಲೆಯ ಮೇಲೆ ಇಟ್ಟ. ಕೊಡದ ಕಂಠ ಬೋಳಾಯಿತು. ಹೋಗಲಿ, ಅಂಚಿನ ಹೂ ತಾನೇ, ಅಂದುಕೊಂಡ.

"ಹಾಗಂದ ಮೇಲೆ, ಆ ಕೋಳಿಜುಟ್ಟು ಆ ಕಡೆ ದಡದ್ದು" ಎಂದ ಕಾಳಯ್ಯ. "ನನ್ನ ಭಾವಮೈದನ ಹಿತ್ತಲದ್ದು. ಬೀಜ ನನ್ನ ಸೊಂಟದ ಗಂಟಿನಲ್ಲಿ ಹೊಳೆ ದಾಟಿತು. ಅದಕ್ಕೆ ಹರಿಗೋಲಿನ ಕೂಲೀನೂ ಕೇಳಲಿಲ್ಲ ನಾನು."

"ಕಾಳಯ್ಯಾ, ನೀನೂ!" ಎಂದ ಮರಿದೇವ.

"ನಾನೇನು ಮಾಡಲಿ? ಇದ್ದದ್ದು ಹೇಳಿದೆ. ಬುದ್ಧಿಯವರ ಎದುರು ಸುಳ್ಳು ಹೇಳಲಾ?"

ಕೋಳಿಜುಟ್ಟು ಹೊರಗೆ ಬಂತು. ನಡುವಿನ ಆಧಾರ ಹೋದದ್ದೇ ಸೇವಂತಿಗೆ ಅತ್ತ ಇತ್ತ ವಾಲಿತು.

ಮರಿದೇವ ಎರಡೂ ಕೈಯಲ್ಲಿ ಸೇವಂತಿಗೆಯನ್ನು ತಬ್ಬಿ ಹಿಡಿದ. "ಇದು ನನ್ನದು! ಇದು ನನ್ನ ಪಾತಿಯಲ್ಲಿ ಮೊದಲಿನಿಂದ ಇದ್ದದ್ದು."

ಕಂಬದ ಹತ್ತಿರದಿಂದ ಒಂದು ಕೆಮ್ಮು ಬಂತು.

"ಮೊದಲಿನಿಂದ ಅಂದರೆ ಯಾವಾಗಿನಿಂದ ಮಗಾ?" ಎಂದಳು ಸಣ್ಣತಾಯವ್ವ. "ನೀನು ಆಶ್ರಮಕ್ಕೆ ಬಂದ ಹೊಸದರಲ್ಲಿ, ಬರಿ ಪಾತಿ ನೋಡಿಕೊಂಡು ಸಪ್ಪಗೆ ಕೂತಿದ್ದೆ. ಯಾರೋ ನನ್ನಂಥ ಮುದುಕಿ ಬೇರುಮರಿ ತಂದು ಕೊಟ್ಟಳು. ಅವಳ ಪಾತಿಯ ತಾಯಿಗಿಡ ಆಮೇಲೆ ಕೊಳೆತುಹೋಯಿತು. ಯಾರಿರಬಹುದು ಅಂತೀಯ?"

ಮರಿದೇವನಿಗೆ ಅದು ನೆನಪಿತ್ತು. ಬೆಳಗ್ಗೆ ಬೇಲಿಯ ಬಳಿ ಮಾತ್ರ ಯಾಕೋ ನೆನಪಾಗಿರಲಿಲ್ಲ.

ಅವನು ಸೇವಂತಿಗೆಯನ್ನು ಒಂದೊಂದಾಗಿ ತೆಗೆದಿಟ್ಟ.

ಉಳಿದದ್ದು ನಾಲ್ಕಾರು ಗುಲಾಬಿ. ಅದನ್ನು ಕುರಿತು ಯಾರೂ ಮಾತಾಡಲಿಲ್ಲ. ಮರಿದೇವನಿಗೆ ಸ್ವಲ್ಪ ಜೀವ ಬಂತು. ನಾಲ್ಕಾದರೇನು, ನನ್ನದು ನನ್ನದೇ. ಕೊಡಕ್ಕೆ ನಾಲ್ಕು ಗುಲಾಬಿ ಸಾಲದೇ?

ಆಮೇಲೆ ಅವನಿಗೇ ನೆನಪಾಯಿತು. ಯಾಕೆ ಯಾರೂ ಮಾತಾಡುತ್ತಿಲ್ಲ ಎಂಬುದೂ ತಿಳಿಯಿತು.

"ಬುದ್ಧಿ," ಎಂದ ಮೆಲ್ಲಗೆ, "ಈ ಗುಲಾಬಿ ಕಡ್ಡಿ ನೀವೇ ಕತ್ತರಿಸಿ ಕೊಟ್ಟಿದ್ದಿರಿ."

"ನಾನೇ? ಮರೆತಿದ್ದೆ" ಎಂದರು ಅಯ್ಯನವರು.

"ತೆಗೀಲಾ?"

"ನಿನ್ನ ಇಷ್ಟ."

ಗುಲಾಬಿಯೂ ಹೊರಗೆ ಬಂತು. ಮರುಗದ ಒಂದು ಹಿಡಿ ಹಸಿರು ಮಾತ್ರ ಉಳಿಯಿತು. "ಅದು ಗಾಳಿಗೆ ಬಿದ್ದು ಹುಟ್ಟಿದ್ದು" ಎಂದು ಹಿಂದಿನಿಂದ ಯಾರೋ ಅಂದರು. ಅದನ್ನೂ ತೆಗೆದ.

ಮರಿದೇವನಿಗೆ ಅಳು ಬಂದಂತಾಯಿತು. ಆದರೂ ಸೋಲಲು ಮನಸ್ಸಿಲ್ಲ.

"ಬುದ್ಧಿ, ಬೀಜ ಕಡ್ಡಿ ಅವರದೇ ಇರಬಹುದು. ನೀರು ಹೊತ್ತವನು ನಾನು. ಹುಳ ಆರಿಸಿದವನು ನಾನು."

"ಅದು ನಿಜ" ಎಂದರು ಅಯ್ಯನವರು. "ಆ ಹುಳಗಳೆಲ್ಲ ನಿನ್ನವೇ. ಯಾರೂ ಕೇಳಲು ಬರುವುದಿಲ್ಲ."

ಯಾರೋ ಕಿಸಕ್ಕೆಂದರು.

"ನೀರು ಹೊಳೇದು" ಎಂದ ಕಾಳಯ್ಯ. "ಹೊಳೆ ಇಲ್ಲೀತನಕ ಬಂದು ಕೇಳಲ್ಲ ಅಂತ ಸುಮ್ಮನಿದ್ದೀವಿ. ಬಂದರೆ ನೀನೂ ಇರಲ್ಲ, ಪಾತೀನೂ ಇರಲ್ಲ."

"ಗೊಬ್ಬರ ನಮ್ಮ ಗೌರಿದು" ಎಂದಳು ಗಿರಿಜವ್ವ. ಗೌರಿ ಎಂದರೆ ಅವಳ ಹಸು. "ಅವಳನ್ನೂ ಕರೆಸಲಾ ಸಾಕ್ಷಿಗೆ?"

ನಗು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಯಿತು. ಮರಿದೇವ ಬರಿ ಕೊಡದ ಮುಂದೆ ನಿಂತು ತನ್ನ ಎರಡೂ ಕೈ ಎತ್ತಿ ತೋರಿಸಿದ. ಮಣ್ಣು ಕೂತ ಉಗುರು, ಮುಳ್ಳು ಗೀರಿದ ಅಂಗೈ.

"ಈ ಕೈಯಾದರೂ ನನ್ನದು ತಾನೇ?"

"ಅದು ನಿಮ್ಮವ್ವಂದು!" ಎಂದಳು ಸಣ್ಣತಾಯವ್ವ.

ಪಡಸಾಲೆ ಹಾರಿಹೋಗುವ ಹಾಗೆ ನಗು ಎದ್ದಿತು. ಗಿರಿಜವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಕಾಳಯ್ಯ ತೊಡೆ ತಟ್ಟಿಕೊಂಡ. ಅಯ್ಯನವರ ಭುಜ ಅಲುಗುತ್ತಿತ್ತು.

ಮರಿದೇವ ಮೊದಲು ಎಲ್ಲರನ್ನೂ ದುರುಗುಟ್ಟಿ ನೋಡಿದ. ಆಮೇಲೆ ತನ್ನ ಕೈ ನೋಡಿಕೊಂಡ. ಮೊಂಡು ಹೆಬ್ಬೆರಳು, ಗಂಟು ಗಂಟಾದ ಬೆರಳು. ಹೌದು, ಅವ್ವನದೇ. ರೊಟ್ಟಿ ತಟ್ಟುತ್ತಿದ್ದ ಕೈ ಅಚ್ಚು ಹೊಯ್ದಂತೆ ಇಲ್ಲಿ ಬಂದು ಕೂತಿತ್ತು.

ಅವನ ಹೊಟ್ಟೆಯೊಳಗಿಂದ ಏನೋ ಉಕ್ಕಿ ಬಂತು. ಅಳು ಅಂದುಕೊಂಡಿದ್ದ. ಬಾಯಿ ತೆರೆದಾಗ ನೋಡಿದರೆ ನಗು. ಒಂದು ವರ್ಷದ ನಗು ಒಟ್ಟಿಗೆ ಬಂದ ಹಾಗೆ ಬಂತು. ನಕ್ಕು ನಕ್ಕು ನೆಲಕ್ಕೆ ಕುಸಿದು, ಎಲೆಯ ಮೇಲಿನ ಹೂಗಳ ನಡುವೆ ಕೂತುಬಿಟ್ಟ.

ನಗು ತಣ್ಣಗಾದ ಮೇಲೆ ಅಯ್ಯನವರು ಕೇಳಿದರು: "ಕೊಡದಲ್ಲಿ ಏನು ಉಳಿಯಿತು?"

"ಏನೂ ಇಲ್ಲ ಬುದ್ಧಿ."

"ಹೊತ್ತಾಯಿತು. ಜನ ಕಾದಿದ್ದಾರೆ. ಪಾಳಿ ನಿನ್ನದೇ."

ಮರಿದೇವ ಕಣ್ಣೊರೆಸಿಕೊಂಡು ಎದ್ದ. ಎಲೆಯ ಮೇಲೆ ಬಿದ್ದಿದ್ದ ಹೂ ಮುಟ್ಟಲಿಲ್ಲ. ನೇರವಾಗಿ ಕಂಬದ ಹತ್ತಿರ ಹೋಗಿ ಸಣ್ಣತಾಯವ್ವನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅವ್ವಾ, ನಿಮ್ಮ ಹೂ ಕೊಡಿ."

"ಯಾಕೆ? ನನ್ನ ಪಾತಿಯದು ನಡೆಯಲ್ಲ ಅಂದೆಯಲ್ಲ."

"ತಪ್ಪಾಯ್ತು."

"ಜೋರಾಗಿ ಹೇಳು. ಮುದುಕಿಗೆ ಕಿವಿ ಮಂದ."

"ತಪ್ಪಾಯ್ತು ಅವ್ವಾ!"

ಸಣ್ಣತಾಯವ್ವ ಬಾಳೆಲೆ ಬಿಡಿಸಿದಳು. ಮಡಿಲಿನ ಬಿಸಿಗೆ ಮೇಲಿನ ಇನ್ನೆರಡು ಮೊಗ್ಗೂ ಅರಳಿದ್ದವು.

"ಇದರ ಗಡ್ಡೆ ಎಲ್ಲಿಂದ ಬಂತು ಅಂತ ಕೇಳಲಿಲ್ಲ ನೀನು" ಎಂದಳು. "ಬೇಲಿ ಹಾಕೋವಾಗ ಕಿತ್ತು ಆಚೆ ಎಸೆದೆಯಲ್ಲ, ಅದರಲ್ಲಿ ಒಂದು. ಬಿದ್ದಿತ್ತು, ಎತ್ತಿಕೊಂಡೆ."

ಮರಿದೇವ ಎರಡೂ ಕೈ ಚಾಚಿದ.

"ನಿನ್ನ ಕೈಗೆ ಕೊಡಲ್ಲ. ನಾನೇ ಇಡ್ತೀನಿ. ಎಬ್ಬಿಸು ನನ್ನ."

ಅವನು ಎಬ್ಬಿಸಿ, ರಟ್ಟೆ ಹಿಡಿದು ಜಗಲಿಯತನಕ ನಡೆಸಿಕೊಂಡು ಹೋದ. ಅವಳು ದಂಟನ್ನು ಕೊಡದೊಳಗೆ ಬಿಟ್ಟಳು. ಅದು ಜಾರಿ, ಕೊಡದ ಒಂದು ಬದಿಗೆ ಪೂರಾ ಸೊಟ್ಟಗೆ ನಿಂತಿತು.

ಮರಿದೇವನ ಕೈ ತಾನಾಗಿ ಮುಂದೆ ಹೋಯಿತು. ನೇರ ಮಾಡಬೇಕು. ಕೂದಲೆಳೆಯಷ್ಟು, ಇಷ್ಟೇ ಇಷ್ಟು.

ಅವಳು ಕೈ ಮುಗಿದು ನಿಂತಿದ್ದಳು. ಅವಳ ಕಣ್ಣಿಗೆ ಆ ಹೂ ಸೊಟ್ಟಗೆ ನಿಂತಿರಲಿಲ್ಲ.

ಮರಿದೇವ ಕೈಯನ್ನು ಹಿಂದಕ್ಕೆ ಎಳೆದು ಬೆನ್ನ ಹಿಂದೆ ಕಟ್ಟಿಕೊಂಡ.

"ಗಿರಿಜವ್ವಾ, ಬನ್ನಿ. ನಿಮ್ಮ ತೋರಣದ ಹೂ ನೀವೇ ಇಡಿ. ಕಾಳಯ್ಯಾ, ಏಳು, ನಿನ್ನ ಭಾವಮೈದನ ಪರವಾಗಿ ನೀನು ಬಾ. ಬೀಜದವರು, ಗೊಬ್ಬರದವರು, ಎಲ್ಲ ಬನ್ನಿ. ನಾನು ಹೊಳೇನ ಕೇಳ್ಕೊಂಡು ನೀರು ತರ್ತೀನಿ!"

ಆಮೇಲೆ ನಡೆದದ್ದನ್ನು ಜೋಡಣೆ ಎಂದು ಕರೆಯುವುದು ಕಷ್ಟ. ಗಿರಿಜವ್ವ ಚೆಂಡುಹೂವನ್ನೆಲ್ಲ ಒಂದೇ ಕಡೆ ಗುಪ್ಪೆ ಹಾಕಿದಳು. ಕಾಳಯ್ಯ ಕೋಳಿಜುಟ್ಟನ್ನು ಹುಟ್ಟು ಹಾಕುವವನಂತೆ ಬಿರುಸಾಗಿ ತುರುಕಿದ. ಹಿಂದೆ ನಿಂತಿದ್ದವರಿಗೂ ಧೈರ್ಯ ಬಂತು. ಒಬ್ಬಳು ತನ್ನ ಪಾತಿಗೆ ಓಡಿಹೋಗಿ ನೀಲಿ ಗೋರಂಟೆಯ ಒಂದು ರೆಂಬೆ ಮುರಿದು ತಂದಳು. ಇನ್ನೊಬ್ಬ, ಪಾತಿಯಲ್ಲಿ ಹೂವಿಲ್ಲದವನು, ಹೊಳೆದಂಡೆಯ ಹುಲ್ಲಿನ ತೆನೆ ತಂದ. "ಇದು ನಡೆಯುತ್ತಾ?" ಎಂದು ಕೇಳಿದ. "ಇಡಪ್ಪಾ, ಇಡು!" ಎಂದ ಮರಿದೇವ.

ಕೊಡ ಒಂದು ಕಡೆ ಉಬ್ಬಿತು, ಇನ್ನೊಂದು ಕಡೆ ತಗ್ಗಿತು. ಹಳದಿಯ ಪಕ್ಕ ಕೆಂಪು, ಕೆಂಪಿನ ಮೇಲೆ ನೀಲಿ. ಹುಲ್ಲಿನ ತೆನೆ ಗಾಳಿಗೆ ತೂಗುತ್ತಿತ್ತು. ಸುಗಂಧರಾಜ ಎಲ್ಲರ ಹೆಗಲಿನ ನಡುವೆಯಿಂದ ಇಣುಕುತ್ತಿತ್ತು. ಮರಿದೇವ ಸುತ್ತ ಓಡಾಡುತ್ತ, ನೀರು ಹೊಯ್ಯುತ್ತ, ಬೀಳುವುದನ್ನು ಹಿಡಿಯುತ್ತ, ಮುದುಕರಿಗೆ ದಾರಿ ಬಿಡಿಸುತ್ತ ಬೆವರಿಹೋದ. ಅಯ್ಯನವರು "ಇರಲಿ" ಅಂದರೋ ಇಲ್ಲವೋ, ಕೇಳಿಸಿಕೊಳ್ಳಬೇಕು ಎಂಬುದೇ ಅವನಿಗೆ ಮರೆತುಹೋಗಿತ್ತು.

ಅಷ್ಟರಲ್ಲಿ ಎತ್ತುಗಳಿಗೆ ನೀರು ಕುಡಿಸಲು ಹೊಳೆಗೆ ಬಂದಿದ್ದ ಗಾಡಿಯವನೊಬ್ಬ, ಇಷ್ಟು ಗದ್ದಲವೇನೆಂದು ಪಡಸಾಲೆಯ ಮೆಟ್ಟಿಲಿಗೆ ಬಂದು ನಿಂತ. ಯಾವುದೋ ದೂರದ ಊರಿನವನು. ಕೈಯಲ್ಲಿ ಬಾರುಕೋಲು, ಕಾಲಲ್ಲಿ ದಾರಿಯ ಧೂಳು. ಕೊಡ ಕಂಡದ್ದೇ ತಲೆಯ ವಲ್ಲಿ ತೆಗೆದು ಹೆಗಲಿಗೆ ಹಾಕಿಕೊಂಡ.

"ಅಬ್ಬಬ್ಬಾ! ಯಾರು ಸ್ವಾಮಿ ಇದನ್ನ ಜೋಡಿಸಿದ್ದು?"

ಎಲ್ಲರೂ ಮರಿದೇವನ ಕಡೆ ನೋಡಿದರು. ಮರಿದೇವ ನೀರಿನ ತಂಬಿಗೆ ಹಿಡಿದುಕೊಂಡು ಅಯ್ಯನವರ ಕಡೆ ನೋಡಿದ.

ಅಯ್ಯನವರು ಗಾಡಿಯವನಿಗೆ ಹೇಳಿದರು:

"ಇನ್ನೂ ಜೋಡಿಸಿ ಮುಗಿದಿಲ್ಲವಪ್ಪಾ. ಕೈ ತೊಳೆದುಕೊಂಡು ಬಾ."